ಹೋಟೆಲಿಗೆ ಎರಡನೆಯ ಆದಾಯ: ಕೋವಿಡ್ ಕಾಲದ ದಾರಿಗಳಲ್ಲಿ ಯಾವುದು ಯಾರಿಗೆ ಒಗ್ಗುತ್ತದೆ?

2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ಕರ್ನಾಟಕದ ಹೋಟೆಲುಗಳಿಗೆ ಉಳಿದದ್ದು ಪಾರ್ಸೆಲ್ ವ್ಯಾಪಾರ ಒಂದೇ. ಜೂನ್ 8ರಿಂದ ಒಳಗೆ ಕುಳಿತು ತಿನ್ನಲು ಅನುಮತಿ ಸಿಕ್ಕಿತಾದರೂ ಅರ್ಧದಷ್ಟು ಆಸನಗಳನ್ನು ಖಾಲಿ ಬಿಡಬೇಕಿತ್ತು. ವ್ಯಾಪಾರ ಕುದುರಿಕೊಳ್ಳುವಷ್ಟರಲ್ಲಿ ಎರಡನೆಯ ಅಲೆ ಬಂದು, 2021ರ ಏಪ್ರಿಲ್ 27ರ ರಾತ್ರಿಯಿಂದ ಮತ್ತೆ ಪಾರ್ಸೆಲ್‌ಗೇ ಇಳಿಯಬೇಕಾಯಿತು. 2022ರ ಜನವರಿಯ ವಾರಾಂತ್ಯದ ಕರ್ಫ್ಯೂ ಇನ್ನೊಂದು ಪೆಟ್ಟು ಕೊಟ್ಟಿತು. ಈ ಎರಡು ವರ್ಷಗಳಲ್ಲಿ ಹೋಟೆಲಿನವರು ಮಾಡದ ಪ್ರಯೋಗವಿಲ್ಲ. ಆ್ಯಪ್‌ಗಳಿಗೆ ಸೇರಿದರು, ಅಪಾರ್ಟ್‌ಮೆಂಟುಗಳಿಗೆ ಊಟ ಸಾಗಿಸಿದರು, ದೋಸೆ ಹಿಟ್ಟು ಮಾರಿದರು, ಚಟ್ನಿಪುಡಿಯ ಪೊಟ್ಟಣಕ್ಕೆ ಲೇಬಲ್ ಅಂಟಿಸಿದರು, ಮೇಜು ಕುರ್ಚಿಗಳನ್ನು ಎತ್ತಿಟ್ಟು ಅಡುಗೆಮನೆಯೊಂದನ್ನೇ ನಡೆಸಿದರು.

ನಿರ್ಬಂಧಗಳು ಹೋಗಿ ವರ್ಷಗಳಾದರೂ ಆ ಪ್ರಯೋಗಗಳು ತಂದಿಟ್ಟ ಗೊಂದಲ ಹೋಗಿಲ್ಲ. ಅಂದು ಅನಿವಾರ್ಯವಾಗಿ ಹಿಡಿದದ್ದರಲ್ಲಿ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು, ಹೊಸದಾಗಿ ಹೋಟೆಲು ತೆರೆಯುವವರು ಮೊದಲ ದಿನದಿಂದಲೇ ಯಾವುದನ್ನು ಜೊತೆಗಿಟ್ಟುಕೊಳ್ಳಬೇಕು ಎಂದು ಕೇಳುವವರು ಬಹಳ ಮಂದಿ. ಈ ಬರಹ ಇರುವುದು ಅಂಥವರಿಗಾಗಿ. ಅಂದರೆ ಹತ್ತು ಹದಿನೈದು ಕೆಲಸಗಾರರನ್ನು ಇಟ್ಟುಕೊಂಡು ನಡೆಯುವ ದರ್ಶಿನಿ, ಖಾನಾವಳಿ, ಮೆಸ್ ಮತ್ತು ಊಟದ ಹೋಟೆಲುಗಳಿಗಾಗಿ. ತಾರಾ ಹೋಟೆಲುಗಳ ಲೆಕ್ಕಾಚಾರ ಬೇರೆ, ಅವುಗಳ ಸಾಲ ತಾಳುವ ಶಕ್ತಿಯೂ ಬೇರೆ.

ಅಳೆಯುವ ಮುನ್ನ ಅಳತೆಗೋಲು

ಎಷ್ಟು ಮಾರಾಟವಾಗುತ್ತದೆ ಎಂಬುದನ್ನೇ ಮೊದಲು ಕೇಳುವ ರೂಢಿ ಹೋಟೆಲಿನವರಲ್ಲಿದೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು, ಹೊಸ ಕೆಲಸ ದಿನದ ಯಾವ ಹೊತ್ತಿನಲ್ಲಿ ಬಂದು ಬೀಳುತ್ತದೆ ಎಂಬುದು. ಬೆಳಿಗ್ಗೆ ಏಳೂವರೆಯಿಂದ ಹತ್ತೂವರೆಯವರೆಗೆ ಗಲ್ಲಾದ ಮುಂದೆ ಸಾಲು ನಿಲ್ಲುವ ದರ್ಶಿನಿಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಲೆಯೂ ಖಾಲಿ, ಕೈಗಳೂ ಖಾಲಿ. ಆ ಹೊತ್ತಿಗೆ ಬಾಡಿಗೆಯನ್ನಂತೂ ಕಟ್ಟಿಯೇ ಇರುತ್ತೀರಿ, ಸಂಬಳವನ್ನೂ ಕೊಟ್ಟೇ ಇರುತ್ತೀರಿ. ಅಲ್ಲಿ ಹುಟ್ಟುವ ನೂರು ರೂಪಾಯಿ ವ್ಯಾಪಾರದಲ್ಲಿ ಉಳಿಯುವುದು ಬೇರೆ. ಬೆಳಗಿನ ನೂಕುನುಗ್ಗಲಿನ ನಡುವೆ ಎದುರಿಗಿರುವ ಗಿರಾಕಿಯನ್ನು ಕಾಯಿಸಿ ಮಾಡಿದ ನೂರು ರೂಪಾಯಿಯಲ್ಲಿ ಉಳಿಯುವುದು ಬೇರೆ.

ಎರಡನೆಯದು ಹಣ ಕೈಸೇರುವ ದಿನ. ತರಕಾರಿಯವರಿಗೆ ಅಂದೇ ಕೊಡಬೇಕು, ಹಾಲಿನವರಿಗೆ ವಾರಕ್ಕೋ ಹದಿನೈದು ದಿನಕ್ಕೋ, ದಿನಸಿ ಅಂಗಡಿಯವರಿಗೆ ತಿಂಗಳಿಗೆ. ಇದಕ್ಕಿಂತ ತಡವಾಗಿ ದುಡ್ಡು ಬರುವ ಯಾವ ವ್ಯಾಪಾರವೂ ನಿಮ್ಮ ಕೈಸಾಲವನ್ನು ಹೆಚ್ಚಿಸುತ್ತದೆ, ಲಾಭ ಎಷ್ಟೇ ಇರಲಿ. ಮೂರನೆಯದು ಹೂಡುವ ಬಂಡವಾಳ, ಮತ್ತು ವ್ಯವಹಾರ ಕೈಬಿಟ್ಟರೆ ಅದರಲ್ಲಿ ಎಷ್ಟನ್ನು ಹಿಂದಕ್ಕೆ ಪಡೆಯಬಹುದು ಎಂಬುದು. ಗ್ರೈಂಡರನ್ನು ಮಾರಬಹುದು, ಗೋಡೆಗೆ ಹಾಕಿಸಿದ ಟೈಲ್ಸನ್ನು ಮಾರಲಾಗದು. ನಾಲ್ಕನೆಯದು ಗಿರಾಕಿ ಯಾರ ಕೈಯಲ್ಲಿದ್ದಾನೆ ಎಂಬುದು: ಅವನ ಫೋನ್ ನಂಬರು ನಿಮ್ಮಲ್ಲಿದೆಯೋ, ಇನ್ನೊಬ್ಬರಲ್ಲಿದೆಯೋ. ಐದನೆಯದು, ನಾಳೆ ಮತ್ತೆ ಬಾಗಿಲು ಮುಚ್ಚಬೇಕಾಗಿ ಬಂದರೆ ಈ ದಾರಿ ತೆರೆದಿರುತ್ತದೆಯೇ ಎಂಬುದು.

ಇವೆಲ್ಲಕ್ಕೂ ಮುಂಚೆ ದಾಟಬೇಕಾದ ಹೊಸ್ತಿಲು ಇನ್ನೊಂದಿದೆ. ನಿಮ್ಮ ತಿಂಡಿ ಅರ್ಧ ಗಂಟೆಯ ಪ್ರಯಾಣವನ್ನು ತಾಳುತ್ತದೆಯೇ? ಮಸಾಲೆ ದೋಸೆಯನ್ನು ಕಾವಲಿಯಿಂದ ತೆಗೆದ ಕೂಡಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಅದರ ಹಬೆಯೇ ಅದನ್ನು ಮೆತ್ತಗೆ ಮಾಡುತ್ತದೆ, ಒಳಗಿನ ಪಲ್ಯದ ತೇವ ಉಳಿದದ್ದನ್ನು ಮುಗಿಸುತ್ತದೆ. ಲಾಕ್‌ಡೌನ್ ಕಾಲದಲ್ಲಿ ಇದನ್ನು ಬೇಗ ಅರಿತ ಭಟ್ಟರು ದೋಸೆಯನ್ನು ಒಂದು ಸುತ್ತು ಹೆಚ್ಚು ಕೆಂಪಗೆ ಬೇಯಿಸಿ, ಅರ್ಧ ನಿಮಿಷ ಗಾಳಿಗೆ ಬಿಟ್ಟು, ಪಲ್ಯವನ್ನು ಬೇರೆ ಕಟ್ಟಿ, ತೂತಿರುವ ಡಬ್ಬಿಯಲ್ಲಿ ಕಳಿಸಿದರು. ಬಿಸಿಬೇಳೆಬಾತ್ ಹೊತ್ತು ಕಳೆದಂತೆ ಗಟ್ಟಿಯಾಗುವುದರಿಂದ ಅದನ್ನು ಕಟ್ಟುವ ಮುನ್ನ ಬಿಸಿನೀರು ಬೆರೆಸಿ ಸಡಿಲ ಮಾಡಿದರು; ಫಿಲ್ಟರ್ ಕಾಫಿಯ ಬದಲು ಡಿಕಾಕ್ಷನ್ನನ್ನೇ ಬಾಟಲಿಯಲ್ಲಿ ಕೊಟ್ಟರು. ಪೂರಿಗೆ ಮಾತ್ರ ಯಾರೂ ಪರಿಹಾರ ಹುಡುಕಲಿಲ್ಲ; ಅದು ಹಾದಿಯಲ್ಲೇ ಕುಸಿಯುತ್ತದೆ.

ದೂರದ ದೊಡ್ಡ ಹೋಟೆಲುಗಳೂ ಇದೇ ಪಾಠ ಕಲಿತವು. ಕೋಪನ್‌ಹೇಗನ್‌ನ ನೋಮಾ ಜಗತ್ತಿನ ಅತಿ ಹೆಸರಾಂತ ರೆಸ್ಟೋರೆಂಟುಗಳಲ್ಲೊಂದು. 2020ರ ಮೇ 21ರಂದು ಅದು ಮತ್ತೆ ಬಾಗಿಲು ತೆರೆದಾಗ ಬಡಿಸಿದ್ದು ತನ್ನ ಪ್ರಸಿದ್ಧ ಭೋಜನವನ್ನಲ್ಲ, ಬಯಲಿನಲ್ಲಿ ಕುಳಿತು ತಿನ್ನುವ, ಕೈಯಲ್ಲಿ ಹಿಡಿದು ಮನೆಗೂ ಒಯ್ಯಬಹುದಾದ ಬರ್ಗರನ್ನು. ಸಿಯಾಟಲ್‌ನ ಕ್ಯಾನ್ಲಿಸ್ ಕೂಡ 2020ರ ಮಾರ್ಚ್‌ನಲ್ಲಿ ತನ್ನ ಊಟದ ಹಾಲನ್ನು ಮುಚ್ಚಿ, ಕಾರಿನಲ್ಲೇ ಕೊಂಡೊಯ್ಯುವ ಬರ್ಗರಿಗೂ ಮನೆಗೆ ಕಳಿಸುವ ಊಟಕ್ಕೂ ಇಳಿಯಿತು. ತಮ್ಮ ಹೆಸರು ತಂದ ಖಾದ್ಯವನ್ನೇ ಡಬ್ಬಿಗೆ ತುಂಬಬೇಕೆಂಬ ಹಟ ಅವರಿಗಿರಲಿಲ್ಲ. ನಮ್ಮಲ್ಲಿ ಈ ಹಟ ಇನ್ನೂ ಇದೆ.

ಡೆಲಿವರಿ ಆ್ಯಪ್

ಎಲ್ಲರೂ ಮೊದಲು ಹಿಡಿದ ದಾರಿ ಇದು. 2020ರ ಜನವರಿಯಲ್ಲಿ ಊಬರ್ ಈಟ್ಸ್‌ನ ಭಾರತದ ವ್ಯಾಪಾರವನ್ನು ಜೊಮ್ಯಾಟೊ ಕೊಂಡುಕೊಂಡದ್ದರಿಂದ, ಸೋಂಕು ಬರುವ ಹೊತ್ತಿಗೆ ಹೋಟೆಲಿನವರ ಎದುರಿಗಿದ್ದದ್ದು ಮುಖ್ಯವಾಗಿ ಎರಡೇ ಕಂಪನಿಗಳು, ಸ್ವಿಗ್ಗಿ ಮತ್ತು ಜೊಮ್ಯಾಟೊ. ಇಬ್ಬರೇ ಖರೀದಿದಾರರಿರುವ ಸಂತೆಯಲ್ಲಿ ಮಾರುವವನ ಚೌಕಾಸಿಗೆ ಎಷ್ಟು ಬೆಲೆ ಇರುತ್ತದೆಯೋ ಅಷ್ಟೇ ಬೆಲೆ ಇಲ್ಲಿಯೂ ಸಿಕ್ಕಿತು. ರೆಸ್ಟೋರೆಂಟುಗಳ ರಾಷ್ಟ್ರೀಯ ಸಂಘವು ಕಮಿಷನ್, ರಿಯಾಯಿತಿಯ ಹೊರೆ ಮತ್ತು ಗಿರಾಕಿಯ ವಿವರವನ್ನು ಹೋಟೆಲಿಗೆ ಕೊಡದಿರುವುದರ ಬಗ್ಗೆ ದೂರಿತು. 2022ರ ಏಪ್ರಿಲ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿತು.

ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡೋಣ. ಈ ಅಂಕಿಗಳು ಉದಾಹರಣೆಗಷ್ಟೇ. ನಿಮ್ಮ ಒಪ್ಪಂದದಲ್ಲಿರುವ ದರವನ್ನು ಹಾಕಿಕೊಳ್ಳಿ. ನೂರು ರೂಪಾಯಿಯ ಆರ್ಡರಿನಲ್ಲಿ ಸಾಮಗ್ರಿಗೆ 40 ರೂಪಾಯಿ, ಕಮಿಷನ್ 22, ಆ ಕಮಿಷನ್ ಮೇಲೆ ಶೇ. 18ರ ಜಿಎಸ್‌ಟಿ ಸೇರಿದರೆ ಹತ್ತಿರ ಹತ್ತಿರ 26, ಡಬ್ಬಿ ಮತ್ತು ಕವರಿಗೆ 7. ಉಳಿದದ್ದು 27 ರೂಪಾಯಿ. ಶೇ. 5ರ ತೆರಿಗೆಯಲ್ಲಿರುವ ಹೋಟೆಲಿಗೆ ಹೂಡುವಳಿ ತೆರಿಗೆಯ ಮರುಪಾವತಿ, ಅಂದರೆ ತಾನು ಕೊಂಡ ಸರಕು ಸೇವೆಗಳ ಮೇಲೆ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಪಡೆಯುವ ಸೌಲಭ್ಯ, ಇಲ್ಲದಿರುವುದರಿಂದ, ಕಮಿಷನ್ ಮೇಲೆ ಕಟ್ಟಿದ ಜಿಎಸ್‌ಟಿ ಹಿಂದಕ್ಕೆ ಬರುವುದಿಲ್ಲ. ಅದೇ ನೂರು ರೂಪಾಯಿ ಮೇಜಿನ ಮೇಲೆ ವ್ಯಾಪಾರವಾಗಿದ್ದರೆ 60 ರೂಪಾಯಿ ಉಳಿದು, ಅದರಲ್ಲಿ ಬಾಡಿಗೆ, ಸಂಬಳ, ಗ್ಯಾಸ್, ಕರೆಂಟು ಹೋಗುತ್ತಿತ್ತು.

ಈ 27 ರೂಪಾಯಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದು ಯಾವಾಗ ಬಂತು ಎಂಬುದರ ಮೇಲೆ ನಿಂತಿದೆ. ಮೇಜಿನ ವ್ಯಾಪಾರವೇ ಬಾಡಿಗೆ ಸಂಬಳಗಳನ್ನು ಪೂರೈಸಿದ್ದು, ಇದು ಸಂಜೆಯ ಖಾಲಿ ಹೊತ್ತಿನ ಆರ್ಡರ್ ಆಗಿದ್ದರೆ, ಗ್ಯಾಸಿನ ಖರ್ಚು ಕಳೆದು ಮಿಕ್ಕದ್ದೆಲ್ಲ ಲಾಭ. ಇದರಿಂದಲೇ ಬಾಡಿಗೆಯನ್ನೂ ಕಟ್ಟಬೇಕೆಂದರೆ ನಷ್ಟ ನಿಶ್ಚಿತ. ಲಾಕ್‌ಡೌನ್‌ನಲ್ಲಿ ಆ್ಯಪ್‌ಗಳನ್ನೇ ನೆಚ್ಚಿದ ಎಷ್ಟೋ ಹೋಟೆಲುಗಳಲ್ಲಿ ದಿನವಿಡೀ ಆರ್ಡರ್ ಬಂದರೂ ಗಲ್ಲಾ ತುಂಬದೇ ಇದ್ದದ್ದಕ್ಕೆ ಕಾರಣ ಇದೇ. ಇದಕ್ಕೆ ಮದ್ದಾಗಿ ಆ್ಯಪ್‌ನಲ್ಲಿ ಬೆಲೆ ಏರಿಸಿಡುವವರಿದ್ದಾರೆ. ದೂರದ ಗಿರಾಕಿ ಅದನ್ನು ಒಪ್ಪಿದರೂ ಪಕ್ಕದ ಬೀದಿಯವನು ಎರಡೂ ಬೆಲೆಗಳನ್ನು ನೋಡಿದ ದಿನ ಮುಖ ಕೆಡಿಸಿಕೊಳ್ಳುತ್ತಾನೆ.

ಹಣ ಸಾಮಾನ್ಯವಾಗಿ ವಾರಕ್ಕೊಮ್ಮೆ ಬರುತ್ತದೆ, ಇದು ತಾಳಬಹುದಾದ ವಿಳಂಬ. ಬಂಡವಾಳ ಬಹುತೇಕ ಬೇಡ. 2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋಗುವ ಊಟದ ಜಿಎಸ್‌ಟಿಯನ್ನು ಕಂಪನಿಯೇ ಕಟ್ಟಬೇಕೆಂಬ ನಿಯಮ ಬಂದಿದ್ದರಿಂದ ಆ ತಲೆನೋವೂ ಕಡಿಮೆಯಾಯಿತು, ಆದರೆ ಲೆಕ್ಕದ ಪುಸ್ತಕದಲ್ಲಿ ಈ ವ್ಯಾಪಾರವನ್ನು ಬೇರೆಯಾಗಿಯೇ ತೋರಿಸಬೇಕು. ಗಿರಾಕಿ ಮಾತ್ರ ನಿಮ್ಮವನಲ್ಲ. ನಿಮ್ಮ ಹೋಟೆಲಿನ ಹೆಸರು ಹುಡುಕಿದವನಿಗೂ ಪಕ್ಕದಲ್ಲೇ ಇನ್ನೊಬ್ಬರ ರಿಯಾಯಿತಿ ಕಾಣುತ್ತದೆ. ಕಡಿಮೆ ಕಮಿಷನ್ನಿನ ಬದಲಿ ಬೇಕೆನ್ನುವವರು ಸರ್ಕಾರದ ಬೆಂಬಲದ ಆನ್‌ಲೈನ್ ಮಾರಾಟ ಜಾಲವಾದ ಓಎನ್‌ಡಿಸಿಯನ್ನು ನೋಡಬಹುದು. ಸಾರ್ವಜನಿಕರಿಗಾಗಿ ಅದರ ಪ್ರಯೋಗ ಮೊದಲು ನಡೆದದ್ದು 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲೇ.

ಸ್ವಂತ ಪಾರ್ಸೆಲ್, ಸ್ವಂತ ಹುಡುಗ

ಫೋನಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಆರ್ಡರ್ ತೆಗೆದುಕೊಂಡು ನಮ್ಮವರೇ ಮುಟ್ಟಿಸುವ ಪದ್ಧತಿಗೆ ಕೋವಿಡ್ ಹೊಸ ಜೀವ ಕೊಟ್ಟಿತು. ಇದರ ಜಾಣ ರೂಪವೆಂದರೆ ಅಪಾರ್ಟ್‌ಮೆಂಟಿನ ಗುಂಪು: ಮಂಗಳವಾರ ಒಂದು ಸಮುಚ್ಚಯ, ಗುರುವಾರ ಇನ್ನೊಂದು ಎಂದು ದಿನ ಗೊತ್ತುಮಾಡಿ, ಹಿಂದಿನ ರಾತ್ರಿಯೇ ಆರ್ಡರ್ ಪಡೆದು, ಒಂದೇ ಸಲ ಒಯ್ದು ಗೇಟಿನಲ್ಲಿ ಕೊಟ್ಟು ಬರುವುದು. ಎಷ್ಟು ಬೇಕೋ ಅಷ್ಟೇ ಮಾಡುವುದರಿಂದ ಮಿಕ್ಕದ್ದನ್ನು ಎಸೆಯುವ ಮಾತಿಲ್ಲ, ಹಣ ಯುಪಿಐನಲ್ಲಿ ಮೊದಲೇ ಬಂದಿರುತ್ತದೆ, ಒಂದೊಂದು ಮನೆಗೂ ಒಂದೊಂದು ಸವಾರಿಯ ಖರ್ಚಿಲ್ಲ.

ದಿನನಿತ್ಯದ ಡೆಲಿವರಿಗೆ ಹುಡುಗನನ್ನು ಇಡುವುದಾದರೆ ಲೆಕ್ಕ ಹೀಗೆ. ತಿಂಗಳಿಗೆ 15,000 ಸಂಬಳ, 4,000 ಪೆಟ್ರೋಲು ಎಂದಿಟ್ಟುಕೊಂಡರೆ 26 ದಿನಗಳ ಕೆಲಸಕ್ಕೆ ದಿನವೊಂದಕ್ಕೆ ಸುಮಾರು 730 ರೂಪಾಯಿ ಬೀಳುತ್ತದೆ. ಸರಾಸರಿ ಆರ್ಡರ್ 250 ರೂಪಾಯಿಯದಾದರೆ ಮೇಲಿನ ದರದಲ್ಲಿ ಆ್ಯಪ್‌ಗೆ ಹೋಗುವುದು 65. ಆದ್ದರಿಂದ ದಿನಕ್ಕೆ ಹನ್ನೊಂದು ಹನ್ನೆರಡು ಆರ್ಡರ್ ದಾಟಿದರೆ ಸ್ವಂತ ಹುಡುಗ ಲಾಭ, ಅದಕ್ಕಿಂತ ಕಡಿಮೆಯಾದರೆ ಆ್ಯಪ್ಪೇ ಅಗ್ಗ. ಎರಡು ಮೂರು ಕಿಲೋಮೀಟರಿನಾಚೆಗೆ ಒಪ್ಪಿಕೊಂಡರೆ ಈ ಲೆಕ್ಕ ಕೆಡುತ್ತದೆ, ಏಕೆಂದರೆ ಊಟದ ಹೊತ್ತಿನ ಟ್ರಾಫಿಕ್ಕಿನಲ್ಲಿ ಒಬ್ಬನು ಗಂಟೆಗೆ ಮೂರ್ನಾಲ್ಕು ಮನೆಗಿಂತ ಹೆಚ್ಚು ಮುಟ್ಟಲಾರ.

ಹಳೆಯ ಬಡಾವಣೆಗಳಲ್ಲಿ, ಮೈಸೂರು, ಶಿವಮೊಗ್ಗ, ಧಾರವಾಡದಂಥ ಊರುಗಳಲ್ಲಿ, ಮಾಲೀಕರ ಮುಖ ಪರಿಚಯವಿರುವ ಹೋಟೆಲಿಗೆ ಇದು ಎಲ್ಲಕ್ಕಿಂತ ಒಳ್ಳೆಯ ದಾರಿ. ಗಿರಾಕಿ ನಿಮ್ಮವನೇ. ಬಾಗಿಲು ಮುಚ್ಚಿದರೂ ನಡೆಯುತ್ತದೆ. ಕಟ್ಟುವ ಸಾಮಾನಿನ ಬಗ್ಗೆ ಎಚ್ಚರವಿರಲಿ: ಪ್ಲಾಸ್ಟಿಕ್ ಕೈಚೀಲ, ತಟ್ಟೆಗಳಿಗೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧವಿದೆ, 2022ರ ಜುಲೈ 1ರಿಂದ ಏಕಬಳಕೆಯ ಹಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂದಿದೆ. ಬಾಳೆ ಎಲೆ ಮತ್ತು ಕಾಗದದ ಹಳೆಯ ಕಟ್ಟು ಇಡ್ಲಿಗೂ ಚಿತ್ರಾನ್ನಕ್ಕೂ ಈಗಲೂ ಸಾಕು. ಖರ್ಚು ಬರುವುದು ಸಾಂಬಾರಿನ ಡಬ್ಬಿಗೆ.

ತಿಂಗಳ ಊಟ

ಪಿಜಿಗಳಲ್ಲಿರುವವರು, ಒಂಟಿಯಾಗಿರುವ ಹಿರಿಯರು, ಸೋಂಕು ತಗುಲಿ ಮನೆಯಲ್ಲೇ ಪ್ರತ್ಯೇಕವಾಗಿದ್ದ ಕುಟುಂಬಗಳು ಆ ದಿನಗಳಲ್ಲಿ ಡಬ್ಬಿಯ ಊಟಕ್ಕೆ ಗಿರಾಕಿಗಳಾದರು. ಮೆಸ್ ಮತ್ತು ಖಾನಾವಳಿಗಳಿಗೆ ಇದು ಹೊಸ ವಿದ್ಯೆಯೇನಲ್ಲ, ಹಳೆಯ ತಿಂಗಳ ಕೂಪನ್ನಿಗೆ ಚಕ್ರ ಬಂದಂತೆ. ಇದರ ದೊಡ್ಡ ಆಕರ್ಷಣೆ ಮುಂಗಡ ಹಣ: ಒಂದನೇ ತಾರೀಕಿಗೆ ಐವತ್ತು ಜನ ತಲಾ 3,000 ಕೊಟ್ಟರೆ ಒಂದೂವರೆ ಲಕ್ಷ ರೂಪಾಯಿ ಬಡ್ಡಿಯಿಲ್ಲದೆ ಕೈಯಲ್ಲಿರುತ್ತದೆ, ದಿನಸಿಯನ್ನು ನಗದಿಗೆ ಕೊಂಡು ದರದಲ್ಲಿ ಚೌಕಾಸಿ ಮಾಡಬಹುದು. ಆದರೆ ಅದು ಆದಾಯವಲ್ಲ, ಮೂವತ್ತು ದಿನಗಳ ಊಟದ ಋಣ. ಅದನ್ನು ಬಾಡಿಗೆಯ ಬಾಕಿಗೋ ಬ್ಯಾಂಕಿನ ಕಂತಿಗೋ ಎತ್ತಿಕೊಟ್ಟವರು ಇಪ್ಪತ್ತನೇ ತಾರೀಕಿನ ಹೊತ್ತಿಗೆ ಅಕ್ಕಿಗೆ ಪರದಾಡುತ್ತಾರೆ.

ಅಪಾಯ ಇರುವುದು ಬೆಲೆಯಲ್ಲಿ. ಮೊದಲೇ ಒಪ್ಪಿಕೊಂಡ ದರಕ್ಕೆ ಊಟ ಕೊಡುತ್ತಿರುವಾಗ ಅಡುಗೆ ಎಣ್ಣೆಯೋ ಗ್ಯಾಸೋ ಏರಿದರೆ ಪೆಟ್ಟು ಪೂರ್ತಿ ಹೋಟೆಲಿನದು. 2021ರಲ್ಲಿ ಎರಡೂ ಏರಿದವು. 19 ಕಿಲೋ ತೂಕದ ವಾಣಿಜ್ಯ ಸಿಲಿಂಡರಿನ ಬೆಲೆ ಆ ನವೆಂಬರ್‌ನಲ್ಲಿ ದೆಹಲಿಯಲ್ಲೇ 2,000 ರೂಪಾಯಿ ದಾಟಿತು. ಆದ್ದರಿಂದ ದರವನ್ನು ಒಂದು ತಿಂಗಳಿಗೆ ಮಾತ್ರ ನಿಗದಿ ಮಾಡಿ, ಮೂರು ತಿಂಗಳ ಚೀಟಿ ಕೊಡಬೇಡಿ. ಇನ್ನೊಂದು ಕಿರಿಕಿರಿ ಬೇಸರ: ಒಂದೇ ಕೈಯ ಸಾರು ಹದಿನೈದನೇ ದಿನಕ್ಕೆ ಯಾರಿಗಾದರೂ ಸಾಕಾಗುತ್ತದೆ. ವಾರದ ಅಡುಗೆಪಟ್ಟಿಯನ್ನು ಬದಲಾಯಿಸುತ್ತ, ಊರಿಗೆ ಹೋಗುವವರಿಗೆ ಕೆಲವು ದಿನ ಕಡಿತ ಕೊಡುವ ನಿಯಮವನ್ನು ಮೊದಲೇ ಹೇಳಿಬಿಡಿ. ಸ್ಟೀಲಿನ ಕ್ಯಾರಿಯರ್ ಕೊಡುವುದಾದರೆ ತಲೆಗೆ ಎರಡು ಬೇಕು, ಒಂದು ಹೋದಾಗ ಇನ್ನೊಂದು ಬರಲು.

ಪೊಟ್ಟಣ ಕಟ್ಟಿ ಮಾರುವುದು

ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು, ಏಕೆಂದರೆ ಕರ್ನಾಟಕದ ಮಟ್ಟಿಗೆ ಬಿಕ್ಕಟ್ಟಿನಿಂದ ಹುಟ್ಟಿದ ಅತ್ಯಂತ ದೊಡ್ಡ ಯಶಸ್ಸು ಇದೇ ದಾರಿಯದು, ಮತ್ತು ಅದು ಕೋವಿಡ್‌ಗಿಂತ ಬಹಳ ಹಳೆಯದು. 1924ರಲ್ಲಿ ಆರಂಭವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿಯನ್ನು ಕಂಡುಹಿಡಿದದ್ದು ತಾನೇ ಎಂದು ಹೇಳಿಕೊಳ್ಳುತ್ತದೆ. 1975ರ ತುರ್ತು ಪರಿಸ್ಥಿತಿಯಲ್ಲಿ ತಿಂಡಿಗಳ ಬೆಲೆಗೆ ಸರ್ಕಾರ ಮಿತಿ ಹಾಕಿ, ಆ ಬೆಲೆಗೆ ಗುಣಮಟ್ಟ ಕಾಯುವುದು ಅಸಾಧ್ಯವಾದಾಗ, ಅದು ದಿಢೀರ್ ಮಿಶ್ರಣ ಮತ್ತು ಪುಡಿಗಳ ವ್ಯಾಪಾರಕ್ಕೆ ಹೊರಳಿತು. ಆ ಪುಡಿಗಳ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡುಕೊಂಡಿತು. ಹೋಟೆಲು ಮಾತ್ರ ಹೋಟೆಲಾಗಿಯೇ ಉಳಿದಿದೆ.

ಎಲ್ಲರೂ ಎಂಟಿಆರ್ ಆಗುವುದಿಲ್ಲ, ಆಗಬೇಕಿಲ್ಲ. ಪ್ರಶ್ನೆ ಇರುವುದು ಯಾವ ಪದಾರ್ಥವನ್ನು ಪೊಟ್ಟಣಕ್ಕೆ ಹಾಕಬೇಕು ಎಂಬುದರಲ್ಲಿ. ಲಾಕ್‌ಡೌನ್‌ನಲ್ಲಿ ಬಹಳ ಹೋಟೆಲುಗಳು ಆರಿಸಿಕೊಂಡದ್ದು ಇಡ್ಲಿ ದೋಸೆಯ ಹಸಿ ಹಿಟ್ಟನ್ನು. ಗ್ರೈಂಡರ್ ಇದ್ದೇ ಇತ್ತು, ಕೈ ಖಾಲಿ ಇತ್ತು. ಆದರೆ ಹಸಿ ಹಿಟ್ಟು ಜೀವಂತ ಪದಾರ್ಥ. ಪೊಟ್ಟಣದೊಳಗೂ ಹುದುಗುತ್ತಲೇ ಹೋಗುತ್ತದೆ, ಕರೆಂಟು ಹೋಗಿ ಫ್ರಿಜ್ ಬಿಸಿಯಾದರೆ ಉಬ್ಬುತ್ತದೆ, ಹುಳಿಯಾದದ್ದನ್ನು ಅಂಗಡಿಯವನು ಹಿಂದಕ್ಕೆ ಕೊಡುತ್ತಾನೆ. ಮೇಲಾಗಿ ಈ ಕ್ಷೇತ್ರದಲ್ಲಿ 2005ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಐಡಿ ಫ್ರೆಶ್‌ನಂಥ ಕಂಪನಿಗಳು ಶೀತಲ ಸಾಗಣೆಯ ವ್ಯವಸ್ಥೆ ಕಟ್ಟಿಕೊಂಡು ಕುಳಿತಿವೆ. ನಿಮ್ಮ ಗಲ್ಲಾದ ಪಕ್ಕದಲ್ಲಿಟ್ಟು ಅಂದಿನ ಹಿಟ್ಟನ್ನು ಅಂದೇ ಮಾರುವುದಾದರೆ ಸರಿ. ಅಂಗಡಿ ಅಂಗಡಿಗೆ ಹಾಕಲು ಹೊರಡಬೇಡಿ.

ಒಣಪದಾರ್ಥದ ಮಾತೇ ಬೇರೆ. ಉತ್ತರ ಕರ್ನಾಟಕದ ಖಾನಾವಳಿಯವರ ಕೈಯಲ್ಲಿ ಈ ವಿಷಯದಲ್ಲಿ ಸಿದ್ಧ ಆಸ್ತಿ ಇದೆ. ಖಡಕ್ ಜೋಳದ ರೊಟ್ಟಿ ತೇವ ತಾಗದಂತೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ; ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಗಳು ಅದರ ಜೊತೆಗೇ ಹೋಗುತ್ತವೆ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆಯ ವರೆಗೆ ಬಡಿದು, ಹಂಚಿನ ಪಕ್ಕದ ಕಾವಿಗೆ ಒರಗಿಸಿ ಗರಿಗರಿ ಮಾಡಿದರೆ, ಹೊಸ ಯಂತ್ರವಿಲ್ಲದೆ ಹೊಸ ಸರಕು ತಯಾರು. ಪುಣೆಗೋ ಬೆಂಗಳೂರಿಗೋ ಹೋಗುವ ಬಸ್ಸಿನ ಪಾರ್ಸೆಲ್ಲಿನಲ್ಲಿ ಹಾಕಿದರೂ ತಲುಪುತ್ತದೆ. ಮುರಿಯುವುದೊಂದೇ ಭಯ, ಅದಕ್ಕೆ ರಟ್ಟಿನ ಪೆಟ್ಟಿಗೆಯಲ್ಲಿ ಬಿಗಿಯಾಗಿ ಜೋಡಿಸಬೇಕು. ಕರಾವಳಿಯವರಿಗೆ ಕೋರಿ ರೊಟ್ಟಿ, ಮಲೆನಾಡಿನವರಿಗೆ ಮಿಡಿ ಉಪ್ಪಿನಕಾಯಿ, ಬೆಂಗಳೂರಿನ ತಿಂಡಿ ಹೋಟೆಲಿಗೆ ಅದರ ಸಾರಿನ ಪುಡಿ ಇದೇ ಸಾಲಿಗೆ ಬರುತ್ತವೆ.

ಕಾಗದಪತ್ರದ ಹೊರೆ ಮಾತ್ರ ಎಲ್ಲಕ್ಕಿಂತ ಇಲ್ಲಿ ಹೆಚ್ಚು. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ನಂಬರು, ಸಸ್ಯಾಹಾರದ ಹಸಿರು ಚುಕ್ಕೆ, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಾದ ದಿನ, ಯಾವಾಗಿನವರೆಗೆ ಬಳಸಬಹುದು ಎಂಬುದು, ತಯಾರಕರ ವಿಳಾಸ, ದೂರಿಗೆ ಸಂಪರ್ಕ, ಇಷ್ಟೂ ಇರಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ನೋಂದಣಿಯೂ ಬೇಕು. ಹೋಟೆಲಿನ ಪರವಾನಗಿಯೇ ಸಾಕೆಂದು ತಿಳಿದು ಮಾರಿದವರು ತೂಕ ಮತ್ತು ಲೇಬಲ್ಲಿನ ತಪಾಸಣೆಯಲ್ಲಿ ದಂಡ ತೆರಬೇಕಾಗುತ್ತದೆ. ತೆರಿಗೆಯೂ ಎಲ್ಲ ಸರಕಿಗೂ ಹೋಟೆಲಿನಂತೆ ಶೇ. 5 ಆಗಿರಬೇಕೆಂದಿಲ್ಲ. ಕೋವಿಡ್ ವರ್ಷಗಳಲ್ಲಿ ಹಸಿ ಹಿಟ್ಟಿಗೆ ಶೇ. 5, ಅದನ್ನೇ ಒಣ ಮಿಶ್ರಣವಾಗಿ ಮಾರಿದರೆ ಶೇ. 18 ಇತ್ತು, ದರಗಳು ಆಗಾಗ ಬದಲಾಗುವುದರಿಂದ ಬೆಲೆ ಅಚ್ಚು ಹಾಕಿಸುವ ಮುನ್ನ ನಿಮ್ಮ ತೆರಿಗೆ ಸಲಹೆಗಾರರನ್ನು ಕೇಳಿ.

ಹಣದ ಓಡಾಟ ಎರಡು ಬಗೆ. ನಿಮ್ಮದೇ ಕೌಂಟರಿನಲ್ಲಿ ಮಾರಿದರೆ ಅಂದೇ ನಗದು. ದಿನಸಿ ಅಂಗಡಿಗೆ ಕೊಟ್ಟರೆ ಉದ್ರಿ, ಮಾರದೆ ಉಳಿದದ್ದು ವಾಪಸ್ಸು, ಲೆಕ್ಕ ತಿಂಗಳ ಮೇಲೆ. ಮೊದಲ ಆರು ತಿಂಗಳು ಕೌಂಟರ್ ಬಿಟ್ಟು ಕದಲಬೇಡಿ ಎಂಬುದು ನನ್ನ ಸಲಹೆ.

ಉಳಿದ ದಾರಿಗಳು

ಕ್ಲೌಡ್ ಕಿಚನ್, ಅಂದರೆ ಮೇಜಿಲ್ಲದೆ ಡೆಲಿವರಿಗಷ್ಟೇ ನಡೆಯುವ ಅಡುಗೆಮನೆ, ಕೇಳಲು ಅಗ್ಗವಾಗಿ ತೋರುತ್ತದೆ. ಬಾಡಿಗೆ ಕಡಿಮೆ, ಸಪ್ಲೈಯರ್ ಬೇಡ, ಅಲಂಕಾರ ಬೇಡ. ಆದರೆ ದಾರಿಹೋಕ ಗಿರಾಕಿ ಇಲ್ಲದಿರುವುದರಿಂದ ಮೇಲೆ ಹೇಳಿದ 27 ರೂಪಾಯಿಯಲ್ಲೇ ಎಲ್ಲವೂ ನಡೆಯಬೇಕು. ಬೋರ್ಡಿಗೆ ಉಳಿಸಿದ ಹಣ ಆ್ಯಪ್‌ನ ಜಾಹೀರಾತಿಗೆ ಹೋಗುತ್ತದೆ. ತಾಜ್ ಹೋಟೆಲುಗಳ ಇಂಡಿಯನ್ ಹೋಟೆಲ್ಸ್ ಕಂಪನಿ 2020ರ ಜುಲೈನಲ್ಲಿ ಕ್ಯೂಮಿನ್ ಹೆಸರಿನಲ್ಲಿ ಮನೆಗೆ ಊಟ ಕಳಿಸಲು ಶುರುಮಾಡಿತು, ಆದರೆ ಅದಕ್ಕೆ ಖಾಲಿ ಬಿದ್ದಿದ್ದ ಅಡುಗೆಮನೆಗಳೂ ಹೆಸರೂ ಮೊದಲೇ ಇದ್ದವು. ಈಗಾಗಲೇ ಹೋಟೆಲಿರುವವರು ಅದೇ ಒಲೆಯಲ್ಲಿ ಸಂಜೆಗೆ ಇನ್ನೊಂದು ಹೆಸರಿನ ತಿನಿಸು ನಡೆಸುವುದಾದರೆ ಯೋಚಿಸಬಹುದು. ಹೊಸಬರು ಇದರಿಂದಲೇ ಆರಂಭಿಸುವುದನ್ನು ನಾನು ಒಪ್ಪುವುದಿಲ್ಲ.

ಸಣ್ಣ ಸಮಾರಂಭಗಳ ಅಡುಗೆ ಇದಕ್ಕಿಂತ ಎಷ್ಟೋ ವಾಸಿ. 2020ರಲ್ಲಿ ಮದುವೆಗೆ 50 ಜನರ ಮಿತಿ ಬಂದಾಗ ದೊಡ್ಡ ಕೇಟರಿಂಗ್‌ನವರಿಗೆ ಬೇಡವಾದ ಕೆಲಸ ಬೀದಿಯ ಹೋಟೆಲಿಗೆ ಬಂತು. ನಾಮಕರಣ, ಸೀಮಂತ, ಗೃಹಪ್ರವೇಶಗಳಿಗೆ ಅರವತ್ತು ಎಂಬತ್ತು ಎಲೆಯ ಅಡುಗೆಯನ್ನು ಹೋಟೆಲಿನಲ್ಲೇ ಮಾಡಿ ಕಳಿಸಬಹುದು, ಹೆಚ್ಚಿನ ಪಾತ್ರೆ ಬಾಡಿಗೆಗೆ ಸಿಗುತ್ತದೆ, ಅರ್ಧ ಹಣ ಮುಂಗಡ. ತೊಡಕು ಮುಹೂರ್ತಗಳದು: ಎಲ್ಲರಿಗೂ ಬೇಕಾಗುವುದು ಅದೇ ಭಾನುವಾರ, ನಿಮ್ಮ ಹೋಟೆಲು ತುಂಬುವುದೂ ಅದೇ ಭಾನುವಾರ, ಆಷಾಢ ಮತ್ತು ಧನುರ್ಮಾಸದಲ್ಲಿ ಕೆಲಸವೇ ಇಲ್ಲ. ಮತ್ತೆ ನಿರ್ಬಂಧ ಬಂದರೆ ಮೊದಲು ನಿಲ್ಲುವುದೂ ಇದೇ. ಹೊರಾಂಗಣ ಆಸನಗಳಿಗೆ ನ್ಯೂಯಾರ್ಕ್ ನಗರ 2020ರ ಜೂನ್‌ನಲ್ಲಿ ಪಾದಚಾರಿ ಮಾರ್ಗ ಮತ್ತು ರಸ್ತೆಯ ಅಂಚನ್ನೇ ಬಿಟ್ಟುಕೊಟ್ಟಿತ್ತು. ನಮ್ಮ ಊರುಗಳಲ್ಲಿ ಫುಟ್‌ಪಾತ್ ನಡೆಯುವವರಿಗೇ ಸಾಲದಿರುವಾಗ ಅದರ ಚರ್ಚೆ ಬೇಡ.

ಯಾರು ಯಾವುದನ್ನು ಆರಿಸಬೇಕು

ಕೈಯಲ್ಲಿ ಹತ್ತು ಸಾವಿರವೂ ಇಲ್ಲದ, ಆದರೆ ಸುತ್ತಲಿನ ಜನಕ್ಕೆ ಗೊತ್ತಿರುವ ಹೋಟೆಲಾದರೆ ಅಪಾರ್ಟ್‌ಮೆಂಟಿನ ಮುಂಗಡ ಆರ್ಡರಿನಿಂದ ತೊಡಗಿ. ಖರ್ಚು ಡಬ್ಬಿಯದು ಮಾತ್ರ, ದುಡ್ಡು ಮೊದಲೇ ಬರುತ್ತದೆ. ಬೆಳಗಿನ ತಿಂಡಿಗೆ ಹೆಸರಾಗಿ ಸಂಜೆ ಖಾಲಿ ಹೊಡೆಯುವ ದರ್ಶಿನಿಯವರು ಸಂಜೆ ಐದರಿಂದ ಒಂಬತ್ತರವರೆಗೆ ಮಾತ್ರ ಆ್ಯಪ್ ತೆರೆದು, ಪ್ರಯಾಣ ತಾಳುವ ಆರೇಳು ತಿನಿಸುಗಳನ್ನಷ್ಟೇ ಅದರಲ್ಲಿ ಹಾಕಿ, ಬೆಳಿಗ್ಗೆ ಅದನ್ನು ಮುಚ್ಚಿಡುವುದು ಒಳ್ಳೆಯದು. ಮಧ್ಯಾಹ್ನದ ಊಟದ ಹೋಟೆಲಿಗೆ ಆ್ಯಪ್‌ನ ನೂಕುನುಗ್ಗಲೂ ಅದೇ ಹೊತ್ತಿಗೆ ಬರುವುದರಿಂದ ಅವರಿಗೆ ತಿಂಗಳ ಊಟವೇ ಮೇಲು: ಡಬ್ಬಿಗಳನ್ನು ಹನ್ನೊಂದೂವರೆಗೇ ತುಂಬಿ ಕಳಿಸಿದರೆ ಮೇಜಿನ ಗಿರಾಕಿಗೆ ತೊಂದರೆಯಿಲ್ಲ. ಕಾಲೇಜು, ಆಸ್ಪತ್ರೆ, ಕಚೇರಿಗಳ ಸುತ್ತ ಇರುವವರಿಗೆ ಇದು ಇನ್ನೂ ಸುಲಭ.

ಒಂದು ಲಕ್ಷದ ಆಸುಪಾಸು ಹೂಡಬಲ್ಲವರು, ತಮ್ಮದೇ ರುಚಿಯ ಒಂದು ಒಣಪದಾರ್ಥ ಉಳ್ಳವರು, ಮನೆಯಲ್ಲಿ ಲೆಕ್ಕ ಕಾಗದ ನೋಡುವ ಒಬ್ಬರಿರುವವರು ಪೊಟ್ಟಣಕ್ಕೆ ಕೈಹಾಕಬಹುದು. ಬಾಗಿಲು ಮುಚ್ಚಿದರೂ, ಮಾಲೀಕರಿಗೆ ಆರೋಗ್ಯ ಕೆಟ್ಟು ಹದಿನೈದು ದಿನ ಹೋಟೆಲು ನಿಂತರೂ ಮಾರಾಟ ನಿಲ್ಲದ ದಾರಿ ಇದೊಂದೇ, ಆದರೆ ಫಲ ಕಾಣಲು ವರ್ಷ ಬೇಕು. ಈ ತಿಂಗಳ ಸಂಬಳಕ್ಕೇ ತಾಪತ್ರಯವಿರುವವರು ಇದರ ತಂಟೆಗೆ ಹೋಗಬಾರದು. ಕಂತು ಕಟ್ಟಬೇಕಾದ ಸಾಲವಿರುವವರು, ಉದಾಹರಣೆಗೆ 2021ರಲ್ಲಿ ಹೋಟೆಲು ಕ್ಷೇತ್ರಕ್ಕೂ ವಿಸ್ತರಿಸಲಾದ ತುರ್ತು ಸಾಲ ಖಾತರಿ ಯೋಜನೆಯಲ್ಲಿ ಹಣ ಪಡೆದು ಇನ್ನೂ ತೀರಿಸುತ್ತಿರುವವರು, ಮುಂಗಡ ಬರುವ ದಾರಿಗಳನ್ನೇ ನೋಡಲಿ, ಉದ್ರಿಯವನ್ನಲ್ಲ.

ಯಾವುದನ್ನೇ ಆರಿಸಿದರೂ ಮೊದಲ ಮೂರು ತಿಂಗಳು ಅದಕ್ಕೆ ಬೇರೆ ಲೆಕ್ಕದ ಪುಸ್ತಕ, ಸಾಧ್ಯವಾದರೆ ಬೇರೆ ಯುಪಿಐ ಖಾತೆ ಇಡಿ. ಡಬ್ಬಿ, ಕವರು, ಕಮಿಷನ್, ಪೆಟ್ರೋಲು, ಹಿಂದಕ್ಕೆ ಬಂದ ಸರಕು, ಆ ಕೆಲಸಕ್ಕೆಂದು ಹೆಚ್ಚಾಗಿ ಉರಿದ ಸಿಲಿಂಡರು ಎಲ್ಲವನ್ನೂ ಅದರಲ್ಲೇ ಬರೆಯಿರಿ. ಬಾಡಿಗೆಯನ್ನು ಮಾತ್ರ ಬರೆಯಬೇಡಿ, ಅದು ಹೇಗೂ ಕಟ್ಟುತ್ತಿದ್ದದ್ದು. ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದರೆ ಅವರ ಸಂಬಳವನ್ನೂ ಸೇರಿಸಿ. ಮೂರನೆಯ ತಿಂಗಳ ಕೊನೆಗೆ ಉಳಿಕೆ ಕಾಣದಿದ್ದರೆ ಬೆಲೆ ಏರಿಸಿ ಇನ್ನೊಂದು ತಿಂಗಳು ನೋಡಿ, ಆಗಲೂ ಇಲ್ಲವಾದರೆ ನಿಲ್ಲಿಸಿ ಪಟ್ಟಿಯ ಮುಂದಿನ ದಾರಿಗೆ ಹೋಗಿ.